ಮೊಗಸಾಲೆಯಲ್ಲಿ ಸಿಕ್ಕ ಮದ್ದು

ಅಮೆರಿಕದ ಬಫಲೋ ನಗರದಲ್ಲಿ ಮಾನಸಿಕ ಅಸ್ವಸ್ಥ ಆರೋಪಿಗಳಿಗಾಗಿಯೇ ಇದ್ದ ನ್ಯಾಯಾಲಯ ಅದು. ನ್ಯಾಯಾಧೀಶ ರಾಬರ್ಟ್ ರಸೆಲ್ ಅವರ ಮುಂದೆ ವಿಯೆಟ್ನಾಂ ಯುದ್ಧ ಕಂಡ ಮಾಜಿ ಸೈನಿಕನೊಬ್ಬ ತಲೆ ತಗ್ಗಿಸಿ ನಿಂತಿದ್ದ. ಏನು ಕೇಳಿದರೂ ಬಾಯಿ ಬಿಡಲೊಲ್ಲ. ಅಲ್ಲಿದ್ದವರಲ್ಲಿ ಇಬ್ಬರು ಅದೇ ಯುದ್ಧದಿಂದ ಬಂದವರು. ಇವನನ್ನು ಹೊರಗೆ ಕರೆದೊಯ್ದು ಮಾತಾಡಿಸಿ ಎಂದರು ರಸೆಲ್. ಮೊಗಸಾಲೆಯಿಂದ ಮರಳಿದ ಮನುಷ್ಯ ಕವಾಯತಿನಲ್ಲಿದ್ದಂತೆ ಎದೆಯೆತ್ತಿ ನಿಂತ. ಇನ್ನು ಮನಸ್ಸಿಟ್ಟು ಪ್ರಯತ್ನಿಸುವೆ ಎಂದ.

2008ರ ಜನವರಿಯಲ್ಲಿ ರಸೆಲ್ ಆರಂಭಿಸಿದ ಮಾಜಿ ಸೈನಿಕರ ಚಿಕಿತ್ಸಾ ನ್ಯಾಯಾಲಯದ ಹಿಂದಿರುವ ಕಥೆ ಇದು. ಅಲಾಸ್ಕಾದ ಆಂಕರೇಜ್‌ನಲ್ಲಿ 2004ರಲ್ಲೇ ಇಂಥ ಪ್ರಯತ್ನ ನಡೆದಿತ್ತಾದರೂ ದೇಶದುದ್ದಕ್ಕೂ ಹಬ್ಬಿದ ನೂರಾರು ನ್ಯಾಯಾಲಯಗಳಿಗೆ ಮಾದರಿಯಾದದ್ದು ಬಫಲೋ. ನಮ್ಮ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಂತೆ ಇಲ್ಲಿ ಪಿಂಚಣಿ, ಬಡ್ತಿಗಳ ವ್ಯಾಜ್ಯವಿಲ್ಲ. ಕುಡಿದು ಕಾರು ಓಡಿಸಿದವನು, ಕದ್ದವನು, ಮಾದಕ ವಸ್ತುವಿನೊಡನೆ ಸಿಕ್ಕಿಬಿದ್ದವನು ಇಲ್ಲಿಗೆ ಬರುತ್ತಾರೆ. ಒಂದು, ಒಂದೂವರೆ ವರ್ಷ ಆಗಾಗ ಹಾಜರಿ, ಮೂತ್ರ ಪರೀಕ್ಷೆ, ಚಿಕಿತ್ಸೆ. ದಾರಿ ತಪ್ಪಿದರೆ ಕೆಲ ದಿನ ಜೈಲೂ ಉಂಟು. ಮುಗಿಸಿದರೆ ಆರೋಪ ರದ್ದಾಗುತ್ತದೆ, ಇಲ್ಲವೇ ಶಿಕ್ಷೆ ಇಳಿಯುತ್ತದೆ. ಮಾಜಿ ಸೈನಿಕರ ಇಲಾಖೆಯ ಸಿಬ್ಬಂದಿ ಕೋರ್ಟಿನಲ್ಲೇ ಇದ್ದು ಚಿಕಿತ್ಸೆಗೆ ದಾರಿ ಮಾಡಿಕೊಡುತ್ತಾರೆ. ಪಕ್ಕದಲ್ಲಿ ಸಂಬಳವಿಲ್ಲದ ಮಾರ್ಗದರ್ಶಿಯೊಬ್ಬ. ಅವನೂ ಸಮವಸ್ತ್ರ ತೊಟ್ಟಿದ್ದವನೇ. ಶಿಕ್ಷಿಸುವ ಅಧಿಕಾರ ಅವನಿಗಿಲ್ಲ, ಅದಕ್ಕೇ ಅವನ ಮಾತು ನಾಟುತ್ತದೆ. ಈ ವ್ಯವಸ್ಥೆಯ ಜೀವ ಇರುವುದು ಇಲ್ಲಿ.

ತೊಡಕಿರುವುದು ಸಮರ್ಥನೆಯಲ್ಲಿ. ಈ ರಿಯಾಯಿತಿ ಗಾಯಕ್ಕೋ, ಸೇವೆಗೋ? ಕೊರಿಯಾ ಯುದ್ಧದಲ್ಲಿ ಹೋರಾಡಿದ್ದ ಜಾರ್ಜ್ ಪೋರ್ಟರ್‌ನ ಮರಣದಂಡನೆಯನ್ನು 2009ರಲ್ಲಿ ಪರಿಶೀಲಿಸಿದ ಅಮೆರಿಕದ ಸುಪ್ರೀಂ ಕೋರ್ಟ್, ಅವನ ಯುದ್ಧಾನುಭವವನ್ನು ಜ್ಯೂರಿಯ ಮುಂದಿಡದ ವಕೀಲನ ಲೋಪವನ್ನು ಎತ್ತಿ ತೋರಿಸಿತು. ಅಲ್ಲಿ ಸೇವೆಯ ಗೌರವವೂ ಯುದ್ಧದ ಗಾಯವೂ ಒಟ್ಟಿಗೇ ತೂಗಿದವು. ಬಿಡಿಸಿ ನೋಡಿದರೆ ಕಷ್ಟ ಕಾಣುತ್ತದೆ. ಗಾಯವೇ ಕಾರಣವಾದರೆ, ಗುಂಡಿನ ಸದ್ದಿನ ನಡುವೆಯೇ ಬೆಳೆದ ಬಡ ಕೇರಿಯ ಹುಡುಗನಿಗೂ ಅದು ಸಲ್ಲಬೇಕು. ಸೇವೆಯೇ ಕಾರಣವಾದರೆ, ಅದು ಚಿಕಿತ್ಸೆಯ ಹೆಸರಿನ ಇನಾಮು.

ಬಾಗಿಲಲ್ಲಿ ತಡೆಯುವುದು ಯಾರನ್ನು ಎಂದು ನೋಡಿ. ರಣರಂಗದಿಂದ ಬಂದು ಕುಡಿತಕ್ಕೆ ಬಿದ್ದು, ಅಶಿಸ್ತಿನ ಕಳಂಕ ಹೊತ್ತು ಸೇನೆಯಿಂದ ಹೊರಬಿದ್ದವನಿಗೆ ಇಲಾಖೆಯ ಚಿಕಿತ್ಸೆ ಸುಲಭಕ್ಕೆ ದಕ್ಕದು. ಹಲವೆಡೆ ಈ ನ್ಯಾಯಾಲಯವೂ ಅವನನ್ನು ಒಳಬಿಡದು. ಗಾಯವೇ ಮದ್ದಿಗೆ ಅಡ್ಡವಾಯಿತು! ಹಿಂಸಾಚಾರದ ಪ್ರಕರಣಗಳನ್ನು ಹೊರಗಿಟ್ಟ ಕೋರ್ಟುಗಳೂ ಅನೇಕ. ಅಮೆರಿಕದ ನ್ಯಾಯ ಇಲಾಖೆಯ 2011–12ರ ಲೆಕ್ಕದಂತೆ ಸೆರೆಯಲ್ಲಿರುವವರಲ್ಲಿ ಮಾಜಿ ಸೈನಿಕರು ಸುಮಾರು ಶೇ 8. ಅವರಲ್ಲಿ ಶಿಕ್ಷೆಯಾಗಿ ಕಾರಾಗೃಹ ಸೇರಿದವರ ಪೈಕಿ ಅರ್ಧಕ್ಕಿಂತ ಹೆಚ್ಚಿನವರು ಹಿಂಸೆಯ ಅಪರಾಧಿಗಳು. ಹಾಗೆಂದು ಬಾಗಿಲು ಹಾರುಹೊಡೆಯುವುದೂ ಸುಲಭವಲ್ಲ. ಗಂಡನಿಂದ ಏಟು ತಿಂದವಳಿಗೆ ಅವನ ಪದಕಗಳಿಂದ ಆಗುವುದೇನು? ಅವಳ ರಕ್ಷಣೆಗೆ ಮೊದಲು ಏರ್ಪಾಡಾಗದೆ ಅವನ ಚಿಕಿತ್ಸೆ ನ್ಯಾಯವೆನಿಸದು.

ಸೈನಿಕರ ಒಡನಾಟವೇ ಬೇರೆ, ಮಾಜಿ ಸೈನಿಕರ ಇಲಾಖೆಯ ಹಣವೂ ಬೇರೆ ಎನ್ನುತ್ತಾರೆ ಈ ನ್ಯಾಯಾಲಯಗಳ ಸಮರ್ಥಕರು. ನಿಜ. ಆದರೆ ಅದು ಅನುಕೂಲದ ಮಾತು. ಅದಕ್ಕೆ ನ್ಯಾಯದ ನಿಲುವಂಗಿ ತೊಡಿಸಬೇಕಿಲ್ಲ. ಈ ಪದ್ಧತಿಯ ಬೇರು 1989ರಲ್ಲಿ ಮಯಾಮಿಯಲ್ಲಿ ಶುರುವಾದ ಮಾದಕವ್ಯಸನಿಗಳ ನ್ಯಾಯಾಲಯದಲ್ಲಿದೆ. ರಸೆಲ್ ಕೂಡ ಮೊದಲು ನಡೆಸಿದ್ದು ಅಂಥದ್ದನ್ನೇ. ಅಲ್ಲಿ ಯಾರೂ ಸಮವಸ್ತ್ರ ಕೇಳಿರಲಿಲ್ಲ. ಅಲ್ಲಿಂದ ತಂದ ಕಡಕ್ಕೆ ಸೈನಿಕರ ನ್ಯಾಯಾಲಯ ಸೇರಿಸಿದ ಬಡ್ಡಿಯೆಂದರೆ ಆ ಮಾರ್ಗದರ್ಶಿ. ಇನ್ನು ಅದನ್ನು ಹಿಂತಿರುಗಿಸಲಿ: ವ್ಯಸನಿಯ ಪಕ್ಕದಲ್ಲಿ ವ್ಯಸನ ಗೆದ್ದವನು, ಕೇರಿಯ ಹುಡುಗನ ಪಕ್ಕದಲ್ಲಿ ಅದೇ ಕೇರಿ ದಾಟಿ ಬಂದವನು ನಿಲ್ಲಲಿ. ಮೊಗಸಾಲೆ ಎಲ್ಲ ಕೋರ್ಟುಗಳಿಗೂ ಇದೆ.