ಇಬ್ಬರು ಕಾರ್ಮೆನ್‌ಗಳಿಗಾಗಿ ಕಾದವರು

1988ರ ಫೆಬ್ರುವರಿಯಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ಶುರುವಾಗುವ ಹೊತ್ತಿಗೆ ಮಹಿಳೆಯರ ಫಿಗರ್ ಸ್ಕೇಟಿಂಗ್‌ನ ಕಥೆಯನ್ನು ಪತ್ರಿಕೆಗಳು ಆಗಲೇ ಬರೆದು ಮುಗಿಸಿದ್ದವು. ಪೂರ್ವ ಜರ್ಮನಿಯ ಕಟಾರಿನಾ ವಿಟ್ ಮತ್ತು ಅಮೆರಿಕದ ಡೆಬಿ ಥಾಮಸ್ ಇಬ್ಬರೂ ತಮ್ಮ ಫ್ರೀ ಸ್ಕೇಟ್‌ಗೆ ಬಿಜೆಯ ‘ಕಾರ್ಮೆನ್’ ಆಪೆರಾದ ಸಂಗೀತವನ್ನೇ ಆರಿಸಿಕೊಂಡಿದ್ದರು. ‘ಕಾರ್ಮೆನ್‌ಗಳ ಕದನ’ ಎಂಬ ಹೆಸರು ಊರೆಲ್ಲ ಓಡಾಡಿತು. ನಮ್ಮ ಕರಾವಳಿಯಲ್ಲಿ ಯಕ್ಷಗಾನದ ಜೋಡಾಟ ನೋಡಿದವರಿಗೆ ಆ ಕಾತರ ಥಟ್ಟನೆ ಅರ್ಥವಾದೀತು: ಅಕ್ಕಪಕ್ಕದಲ್ಲಿ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ, ಯಾರ ವೇಷ ಗೆದ್ದೀತು ಎಂದು ಅತ್ತಿಂದಿತ್ತ ಹೊರಳುವ ಸಾವಿರಾರು ಕಣ್ಣು. ಆದರೆ ಕ್ಯಾಲ್ಗರಿಯಲ್ಲಿ ಮಂಜಿನ ಅಂಗಣಕ್ಕೆ ಇಳಿಯುವವರು ಇಬ್ಬರೇ ಆಗಿರಲಿಲ್ಲ. ಉಳಿದವರನ್ನು ಆ ಕಥೆ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಕಾಯಲು ಕಾರಣಗಳೇನೋ ಗಟ್ಟಿಯಾಗಿಯೇ ಇದ್ದವು. ವಿಟ್ 1984ರಲ್ಲಿ ಸರಾಯೆವೊದಲ್ಲಿ ಚಿನ್ನ ಗೆದ್ದವರು. ಇನ್ನೊಮ್ಮೆ ಗೆದ್ದರೆ, 1928, 1932, 1936ರಲ್ಲಿ ಸತತ ಮೂರು ಚಿನ್ನ ಗೆದ್ದ ನಾರ್ವೆಯ ಸೋನಿಯಾ ಹೆನಿಯ ನಂತರ ಪಟ್ಟ ಉಳಿಸಿಕೊಂಡ ಮೊದಲ ಮಹಿಳೆಯಾಗುತ್ತಿದ್ದರು. ಥಾಮಸ್ 1986ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ವಿಟ್ ಅವರನ್ನು ಸೋಲಿಸಿದ್ದರು, ಮರುವರ್ಷ ವಿಟ್ ಪಟ್ಟವನ್ನು ಮರಳಿ ಕಿತ್ತುಕೊಂಡಿದ್ದರು. ಥಾಮಸ್ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿನಿ, ಡಾಕ್ಟರಾಗುವ ಗುರಿಯಿಟ್ಟುಕೊಂಡವರು. ಅಲ್ಲಿಯವರೆಗೆ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕಪ್ಪು ಜನಾಂಗದ ಯಾರೊಬ್ಬರೂ ಪದಕ ಗೆದ್ದಿರಲಿಲ್ಲ. ಇದರ ಮೇಲೆ ಶೀತಲ ಸಮರ ಬೇರೆ. ಪತ್ರಕರ್ತರಿಗೆ ಇನ್ನೇನು ಬೇಕು?

ನನ್ನ ತಕರಾರು ಇರುವುದು, ಈ ಕಾರಣಗಳ ನಡುವೆ ಸ್ಕೇಟಿಂಗ್‌ಗೆ ಜಾಗವೇ ಸಿಗಲಿಲ್ಲ ಎಂಬುದಕ್ಕೆ. ಇಬ್ಬರೂ ಒಂದೇ ಸಂಗೀತ ಹಿಡಿದಿದ್ದಾರೆ ಎಂದು ಎಲ್ಲರೂ ಬರೆದರು. ಆ ಸಂಗೀತ ಯಾರ ಮೈಗೆ ಒಗ್ಗುತ್ತದೆ ಎಂದು ಕೇಳಿದವರು ಕಡಿಮೆ. ವಿಟ್ ಅವರ ಕಾರ್ಮೆನ್ ಮೂಲತಃ ಅಭಿನಯ. ಭುಜದ ಒಂದು ಒನಪು, ಮಣಿಕಟ್ಟಿನ ಒಂದು ತಿರುವು, ತೀರ್ಪುಗಾರರ ಸಾಲಿನತ್ತ ಎಸೆಯುವ ಒಂದು ನೋಟ, ಇಷ್ಟರಲ್ಲೇ ಪಾತ್ರ ಎದ್ದು ನಿಲ್ಲುತ್ತದೆ. ಕೊನೆಯಲ್ಲಿ ಅವರ ಕಾರ್ಮೆನ್ ಮಂಜಿನ ಮೇಲೆ ಸತ್ತು ಬೀಳುತ್ತಾಳೆ. ಸ್ಕೇಟಿಂಗ್ ಎಂದು ಅಳೆದರೆ ಅದು ಜೋಪಾನದ ಪ್ರದರ್ಶನ. ಕ್ಲೀನಾಗಿ ಇಳಿಸಿದ್ದು ನಾಲ್ಕು ಟ್ರಿಪಲ್ ಜಂಪ್, ಐದನೆಯದನ್ನು ಡಬಲ್‌ಗೆ ಇಳಿಸಿಕೊಂಡರು. ನಡುವಿನ ನಿಧಾನದ ಭಾಗದಲ್ಲಿ ಭಂಗಿಗಳೇ ಹೆಚ್ಚು, ಅಂಚಿನ ಮೇಲೆ ಓಡುವ ಕೆಲಸ ಕಡಿಮೆ. ಆದರೂ ಪಾತ್ರವಾಗಿ ಅದು ಪೂರ್ತಿ. ತಾನು ಏನು ಮಾಡಬಲ್ಲೆ ಎಂದು ವಿಟ್ ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನೇ ಮಾಡಿದರು.

ಥಾಮಸ್ ಅವರ ಶಕ್ತಿಯೇ ಬೇರೆ: ವೇಗ, ಜಂಪ್‌ನ ಎತ್ತರ, ಕಾಲಿನ ಬಲ. ಶಾರ್ಟ್ ಪ್ರೋಗ್ರಾಂನಲ್ಲಿ ಡೆಡ್ ಆರ್ ಅಲೈವ್ ಎಂಬ ಪಾಪ್ ತಂಡದ ಹಾಡಿಗೆ ಅವರು ಆಡಿದ್ದನ್ನು ನೋಡಿದರೆ ಮೈಯೆಲ್ಲ ಆ ತಾಳದಲ್ಲೇ ಇರುವಂತೆ ಕಾಣುತ್ತದೆ. ನನ್ನ ಮಟ್ಟಿಗೆ ಆ ಸ್ಪರ್ಧೆಯಲ್ಲಿ ಅವರ ನಿಜವಾದ ಕೃತಿ ಅದು. ಕಾರ್ಮೆನ್ ಅವರಿಗೆ ಹೊರಗಿನಿಂದ ಹೊದಿಸಿದ ಬಟ್ಟೆಯಾಗಿಯೇ ಉಳಿಯಿತು. ಫ್ರೀ ಸ್ಕೇಟ್‌ನ ರಾತ್ರಿ ಕೊನೆಯವರಾಗಿ ಅಂಗಣಕ್ಕೆ ಬಂದ ಥಾಮಸ್ ಮೊದಲಿಗೇ ಎತ್ತಿಕೊಂಡಿದ್ದು ಟ್ರಿಪಲ್ ಟೋ ಲೂಪ್‌ನ ಬೆನ್ನಿಗೇ ಇನ್ನೊಂದು ಟ್ರಿಪಲ್ ಟೋ ಲೂಪ್. ಜಂಪ್ ಸರಿಯಾಗಿ ಇಳಿಯುವುದೆಂದರೆ ಒಂದೇ ಕಾಲಿನ ಹೊರ ಅಂಚಿನ ಮೇಲೆ ಹಿಮ್ಮುಖವಾಗಿ ಇಳಿದು, ಇನ್ನೊಂದು ಕಾಲನ್ನು ಹಿಂದಕ್ಕೆ ಚಾಚಿ ಹರಿಯುತ್ತ ಹೋಗುವುದು. ಎರಡನೇ ಜಂಪ್‌ನಲ್ಲಿ ಅವರ ಎರಡೂ ಕಾಲು ನೆಲಕ್ಕೆ ತಾಗಿದವು. ನಾಲ್ಕು ನಿಮಿಷದ ಕಾರ್ಯಕ್ರಮದ ಆರಂಭದಲ್ಲೇ ಆದದ್ದು ಇದು. ಆಮೇಲೂ ಜಂಪ್‌ಗಳು ತಪ್ಪಿದವು. ರೆಕಾರ್ಡಿಂಗ್ ನೋಡುವಾಗ ಇವತ್ತಿಗೂ ಆ ಉಳಿದ ನಿಮಿಷಗಳು ನನಗೆ ಸಂಕಟ ತರುತ್ತವೆ.

ಇನ್ನು ಕಥೆಯ ಹೊರಗೆ ಉಳಿದವರು. ಆತಿಥೇಯ ದೇಶದ ಎಲಿಜಬೆತ್ ಮ್ಯಾನ್ಲಿ ಕೊನೆಯ ಸುತ್ತಿಗೆ ಮುನ್ನ ಮೂರನೇ ಸ್ಥಾನದಲ್ಲಿದ್ದರೂ ಚಿನ್ನದ ಮಾತಿನಲ್ಲಿ ಅವರ ಹೆಸರು ಬರುತ್ತಿರಲಿಲ್ಲ. ಫ್ರೀ ಸ್ಕೇಟ್‌ನಲ್ಲಿ ಅವರು ಐದು ಟ್ರಿಪಲ್‌ಗಳನ್ನು ಇಳಿಸಿದರು, ಒಂದೊಂದಕ್ಕೂ ಸ್ಯಾಡಲ್‌ಡೋಮ್ ಕ್ರೀಡಾಂಗಣ ಗುಡುಗಿತು. ಆ ಸುತ್ತಿನಲ್ಲಿ ಮೊದಲ ಸ್ಥಾನ ಅವರದು. ಜಪಾನಿನ ಮಿಡೋರಿ ಇಟೊ ಅವರಿಗೆ ಆಗ 18 ವರ್ಷ, ಐದಡಿಯೂ ಇಲ್ಲದ ಹುಡುಗಿ. ಆಕೆ ಮಾಡಿದ್ದು ಏಳು ಟ್ರಿಪಲ್. ಸಂಖ್ಯೆಗಿಂತ ಅವುಗಳ ಎತ್ತರವನ್ನು ನೋಡಬೇಕು: ಗಾಳಿಯಲ್ಲಿ ಮೂರು ಸುತ್ತು ಮುಗಿದ ಮೇಲೂ ಆಕೆ ಇನ್ನೂ ಮೇಲೇ ಇದ್ದಾಳೆ ಅನ್ನಿಸುತ್ತದೆ, ಇಳಿದ ಮೇಲೆ ವೇಗ ಕುಂದುವುದಿಲ್ಲ. ಕೊನೆಕೊನೆಗೆ ಮುಖದ ಮೇಲೆ ಅಡಗಿಸಲಾರದ ಸಂತೋಷ. ಅಂಥ ಸ್ಕೇಟಿಂಗ್ ಅಂದು ಬೇರೆ ಯಾರೂ ಮಾಡಲಿಲ್ಲ. ಇಟೊ ಆ ಸುತ್ತಿನಲ್ಲಿ ಮೂರನೆಯವರಾದರು, ಒಟ್ಟಾರೆ ಐದನೆಯವರು.

ಐದನೆಯವರಾದದ್ದು ಹೇಗೆ ಎಂಬುದನ್ನು ಲೆಕ್ಕ ಬಿಡಿಸಿಯೇ ನೋಡಬೇಕು. ಆಗ ಸ್ಪರ್ಧೆಗೆ ಮೂರು ಭಾಗ. ಮೊದಲನೆಯದು ಕಂಪಲ್ಸರಿ ಫಿಗರ್ಸ್: ಶುಭ್ರ ಮಂಜಿನ ಮೇಲೆ ಎಂಟರ ಆಕಾರದ ವೃತ್ತಗಳನ್ನು ಬ್ಲೇಡಿನ ಅಂಚಿನಲ್ಲಿ ಬಿಡಿಸುವುದು, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಹೋಗುವುದು. ತೀರ್ಪುಗಾರರು ಅಂಗಣಕ್ಕೇ ಇಳಿದು, ಬಗ್ಗಿ, ಗೆರೆ ಎಲ್ಲಿ ದಪ್ಪವಾಗಿದೆ, ಎಲ್ಲಿ ಕವಲೊಡೆದಿದೆ ಎಂದು ನೋಡುತ್ತಿದ್ದರು. ಇದಕ್ಕೆ 30%, ಶಾರ್ಟ್ ಪ್ರೋಗ್ರಾಂಗೆ 20%, ಫ್ರೀ ಸ್ಕೇಟ್‌ಗೆ 50%. ಪ್ರತಿ ಭಾಗದ ಸ್ಥಾನವನ್ನು ಕ್ರಮವಾಗಿ 0.6, 0.4, 1.0ರಿಂದ ಗುಣಿಸಿ ಕೂಡಿದಾಗ ಕಡಿಮೆ ಮೊತ್ತ ಬಂದವರು ಗೆದ್ದಂತೆ. ವಿಟ್ 3, 1, 2ನೇ ಸ್ಥಾನಗಳಿಂದ 4.2, ಮ್ಯಾನ್ಲಿ 4, 3, 1ರಿಂದ 4.6, ಥಾಮಸ್ 2, 2, 4ರಿಂದ 6.0. ಫಿಗರ್ಸ್‌ನಲ್ಲಿ 10ನೆಯವರಾಗಿದ್ದ ಇಟೊ 10.6. ಕೊನೆಯ ಸುತ್ತಿಗೆ ಮುನ್ನ ಮುಂದಿದ್ದವರು ಥಾಮಸ್.

1990ರ ನಂತರ ಕಂಪಲ್ಸರಿ ಫಿಗರ್ಸ್ ಅನ್ನು ಕೈಬಿಟ್ಟರು. ಶಾರ್ಟ್ ಪ್ರೋಗ್ರಾಂಗೆ 0.5, ಫ್ರೀ ಸ್ಕೇಟ್‌ಗೆ 1.0, ಸಮವಾದರೆ ಫ್ರೀ ಸ್ಕೇಟ್‌ನಲ್ಲಿ ಮುಂದಿದ್ದವರಿಗೆ ಮೇಲುಗೈ ಎಂಬ ನಿಯಮ ಬಂತು. ಕ್ಯಾಲ್ಗರಿಯ ಸ್ಥಾನಗಳನ್ನು ಇದರಲ್ಲಿ ಹಾಕಿ ನೋಡಿ. ವಿಟ್ ಮತ್ತು ಮ್ಯಾನ್ಲಿ ಇಬ್ಬರದೂ 2.5, ಚಿನ್ನ ಮ್ಯಾನ್ಲಿಗೆ. ಥಾಮಸ್ ಮತ್ತು ಇಟೊ ಇಬ್ಬರದೂ 5.0, ಕಂಚು ಇಟೊಗೆ. ಹಾಗಂತ ವಿಟ್ ಅವರ ಚಿನ್ನಕ್ಕೆ ಕಳಂಕ ಹಚ್ಚಲಾಗದು, ಅವರು ಅಂದಿನ ನಿಯಮದಲ್ಲಿ ಆಡಿ ಗೆದ್ದರು. ಆದರೆ ಇಬ್ಬರ ಕಾಳಗ ಎಂದು ಜಗತ್ತು ಕಾದ ಆ ಸ್ಪರ್ಧೆಯ ಕೊನೆಯ ಎರಡು ಸುತ್ತುಗಳಲ್ಲೇ ಇನ್ನಿಬ್ಬರು ಅವರಿಗೆ ಸರಿಸಮನಾಗಿ ನಿಂತಿದ್ದರು. ಅವರಿಗಾಗಿ ಕಾಯುವವರು ಇರಲಿಲ್ಲ, ಅಷ್ಟೆ.

ಇಂಥ ಕಾಯುವಿಕೆ ಆಮೇಲೂ ನಿಲ್ಲಲಿಲ್ಲ. 1994ರ ಲಿಲೆಹ್ಯಾಮರ್‌ನಲ್ಲಿ ಕೆರಿಗನ್ ಮತ್ತು ಹಾರ್ಡಿಂಗ್ ಎಂದು ಜಗತ್ತು ಕಾಯುತ್ತಿತ್ತು, ಗೆದ್ದವರು ಉಕ್ರೇನಿನ ಒಕ್ಸಾನಾ ಬಯೂಲ್. 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ ಕ್ವಾನ್ ಮತ್ತು ಸ್ಲುಟ್ಸ್ಕಾಯಾ ಎಂದರು, ಶಾರ್ಟ್ ಪ್ರೋಗ್ರಾಂ ನಂತರ ನಾಲ್ಕನೆಯವರಾಗಿದ್ದ ಸಾರಾ ಹ್ಯೂಸ್ ಚಿನ್ನ ಒಯ್ದರು. ಕಾದದ್ದೇ ನಡೆದದ್ದೂ ಉಂಟು. 1998ರ ನಗಾನೊದಲ್ಲಿ ಕ್ವಾನ್ ಮತ್ತು ಲಿಪಿನ್ಸ್ಕಿ ಇಬ್ಬರೂ ತಮ್ಮ ಅತ್ಯುತ್ತಮವನ್ನೇ ಆಡಿದರು, ಆ ಜೋಡಿಗಾಗಿ ಕಾದವರಿಗೆ ಮೋಸವಾಗಲಿಲ್ಲ.

ಈಗಿನ ಕಾಯುವಿಕೆ ಜೋಡಿಗಿಂತ ಸುತ್ತುಗಳ ಲೆಕ್ಕಕ್ಕೆ ಜೋತುಬಿದ್ದಿದೆ. ಯಾರು ಎಷ್ಟು ಕ್ವಾಡ್ (ನಾಲ್ಕು ಸುತ್ತಿನ ಜಂಪ್) ಹಾಕುತ್ತಾರೆ, ಯಾರ ಬಳಿ ಟ್ರಿಪಲ್ ಆಕ್ಸೆಲ್ ಇದೆ ಎಂದು ಸ್ಪರ್ಧೆಗೆ ವಾರ ಮೊದಲೇ ಕೂಡಿ ಕಳೆಯುತ್ತಾರೆ. 2022ರ ಬೀಜಿಂಗ್‌ಗೆ ಮುನ್ನ ನಡೆದದ್ದೂ ಅದೇ. ರಷ್ಯಾದ ಹದಿಹರೆಯದ ಮೂವರು ಮೂರೂ ಪದಕ ಹಂಚಿಕೊಳ್ಳುತ್ತಾರೆ ಎಂಬುದು ತೀರ್ಮಾನವಾಗಿಹೋಗಿತ್ತು. ಆ ಮೂವರಲ್ಲೊಬ್ಬರಾದ ವಲಿಯೆವಾ ಅವರ ಉದ್ದೀಪನ ಮದ್ದಿನ ಪ್ರಕರಣ ಇಡೀ ಸ್ಪರ್ಧೆಯ ಮೇಲೆ ಕವಿಯಿತು, ಫ್ರೀ ಸ್ಕೇಟ್‌ನಲ್ಲಿ ಆ 15ರ ಹುಡುಗಿ ಮತ್ತೆ ಮತ್ತೆ ಬಿದ್ದಳು. ಕಂಚು ಪಡೆದವರು ಕ್ವಾಡ್ ಆಗಲಿ ಟ್ರಿಪಲ್ ಆಕ್ಸೆಲ್ ಆಗಲಿ ಇಲ್ಲದ ಜಪಾನಿನ ಕಾವೊರಿ ಸಕಾಮೊಟೊ. ಆಮೇಲೆ ಅವರು 2022, 2023, 2024ರಲ್ಲಿ ಸತತವಾಗಿ ವಿಶ್ವ ಚಾಂಪಿಯನ್ ಆದರು. 1966ರಿಂದ 1968ರವರೆಗೆ ಗೆದ್ದ ಪೆಗ್ಗಿ ಫ್ಲೆಮಿಂಗ್ ನಂತರ ಮಹಿಳೆಯರಲ್ಲಿ ಇದನ್ನು ಮಾಡಿದವರಿರಲಿಲ್ಲ.

ಸಕಾಮೊಟೊ ಅವರ ಡಬಲ್ ಆಕ್ಸೆಲ್ ಒಂದನ್ನು ನಿಧಾನಗತಿಯಲ್ಲಿ ನೋಡಿ. ಪಟ್ಟಿಯಲ್ಲಿ ಅದರ ಮೂಲ ಅಂಕ ಸಣ್ಣದು. ಬಹಳಷ್ಟು ಮಂದಿ ಜಂಪ್‌ಗೆ ಮುನ್ನ ವೇಗ ತಗ್ಗಿಸಿ ಸಿದ್ಧರಾಗುತ್ತಾರೆ, ಇವರು ಬಂದ ವೇಗದಲ್ಲೇ ಏರುತ್ತಾರೆ, ಅಂಗಣದ ಉದ್ದಕ್ಕೆ ದೂರ ದಾಟಿ ಇಳಿಯುತ್ತಾರೆ, ಇಳಿದ ಕಾಲಿನ ಮೇಲೇ ಇನ್ನಷ್ಟು ದೂರ ಹರಿಯುತ್ತಾರೆ. ತೀರ್ಪುಗಾರರು ಪ್ರತಿ ಅಂಶಕ್ಕೆ -5ರಿಂದ +5ರವರೆಗೆ ಕೊಡುವ ಗುಣಮಟ್ಟದ ಅಂಕ ಇರುವುದೇ ಇದಕ್ಕಾಗಿ. ಆ ಅಂಕವನ್ನು ಮೊದಲೇ ಕೂಡಿಟ್ಟು ಕಾಯಲು ಬರುವುದಿಲ್ಲ, ಅಂದಿನ ದಿನ ಅಂದಿನ ಮಂಜಿನ ಮೇಲೆ ಕಂಡಾಗಲೇ ಅದು ಹುಟ್ಟುತ್ತದೆ.

2025ರ ಮಾರ್ಚ್‌ನಲ್ಲಿ ಬೋಸ್ಟನ್‌ನ ವಿಶ್ವ ಚಾಂಪಿಯನ್‌ಶಿಪ್‌ಗೆ ಮುನ್ನ ಎಲ್ಲರ ಮಾತೂ ಸಕಾಮೊಟೊ ಅವರ ನಾಲ್ಕನೇ ಪಟ್ಟದ ಸುತ್ತ ಇತ್ತು. ಗೆದ್ದವರು ಅಮೆರಿಕದ ಅಲೀಸಾ ಲಿಯು. 13ರ ವಯಸ್ಸಿನಲ್ಲೇ ಟ್ರಿಪಲ್ ಆಕ್ಸೆಲ್ ಹಾಕುತ್ತಿದ್ದ ಈಕೆ 16ಕ್ಕೇ ಸಾಕೆಂದು ಸ್ಕೇಟಿಂಗ್ ಬಿಟ್ಟಿದ್ದರು, ಎರಡು ವರ್ಷದ ನಂತರ ತಾನಾಗಿ ಮರಳಿದ್ದರು. ಡೊನಾ ಸಮ್ಮರ್ ಹಾಡಿದ ‘ಮ್ಯಾಕ್‌ಆರ್ಥರ್ ಪಾರ್ಕ್’ಗೆ ಅವರು ಆಡಿದ ಆ ಫ್ರೀ ಸ್ಕೇಟ್‌ನಲ್ಲಿ ಟ್ರಿಪಲ್ ಆಕ್ಸೆಲ್ ಇರಲಿಲ್ಲ, ಕ್ವಾಡ್ ಇರಲಿಲ್ಲ. ಒಂದು ಜಂಪ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ಜಾಗಗಳನ್ನೂ ಅವರು ಖಾಲಿ ಬಿಡಲಿಲ್ಲ. ಹತ್ತೊಂಬತ್ತು ವರ್ಷಗಳ ನಂತರ ಆ ಪಟ್ಟ ಅಮೆರಿಕಕ್ಕೆ ಹೋಯಿತು, ಸಕಾಮೊಟೊ ಎರಡನೆಯವರಾದರು, ಮೂರನೆಯವರು ಜಪಾನಿನವರೇ ಆದ ಮೊನೆ ಚಿಬಾ.