ಗಂಟೆ ಯಾರಿಗೆ ಬಾರಿಸಬೇಕು?

ಚರ್ಚೆಗೆ ಕಡಿವಾಣ ಬೇಡ, ವಾಕ್ ಸ್ವಾತಂತ್ರ್ಯವೇ ದೊಡ್ಡದು ಅಂತ ನಮ್ಮ ಗೆಳೆಯರೇ ವಾದಿಸ್ತಾರೆ. ಯಾರ ವಾಕ್ಕು ಸ್ವಾಮಿ? 1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಇಡಿ ಎಂದು ಚೆನ್ನಣ್ಣ ವಾಲೀಕಾರ ಕೇಳಿದರು. ಸಾಹಿತ್ಯದಲ್ಲಿ ಅಂಥ ಭೇದವಿಲ್ಲವೆಂದು ಪರಿಷತ್ತು ಬಾಗಿಲು ಹಾಕಿತು. ಕೇಳಿದ್ದು ಒಂದು ಗೋಷ್ಠಿ, ಯಾರನ್ನೂ ಬೈದದ್ದಲ್ಲ. ಅದೇ ವರ್ಷ ಬೆಂಗಳೂರಲ್ಲಿ ಬಂಡಾಯ ಸಮ್ಮೇಳನ ನಡೆಯಿತು.

ಈಗ ಅರಕಲಗೂಡಲ್ಲೋ ಹೊಳೆನರಸೀಪುರದಲ್ಲೋ ಚರ್ಚೆಗೆ ಕೂತಾಗ ಒಬ್ಬ ಜಾತಿ ಹಿಡಿದು ಹೀಯಾಳಿಸಿದ ಅನ್ನಿ. ಹಿಂದಿನ ಸಾಲಿನ ನಮ್ಮ ಕೇರಿ ಹುಡುಗಿ ಬಾಯೇ ಬಿಡಲ್ಲ. ಅವನನ್ನು ತಡೆದರೆ ಸ್ವಾತಂತ್ರ್ಯ ಹೋಯ್ತಂತೆ! ಅವಳದು ಹೋದದ್ದು ಯಾರ ಲೆಕ್ಕಕ್ಕೂ ಇಲ್ಲ. ಪರಿಶಿಷ್ಟರನ್ನು ಹಾಗೆ ಜನರೆದುರು ಬೇಕಂತಲೇ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲೇ ಅಪರಾಧ. ಅಧ್ಯಕ್ಷರು ಆ ಬೈಗುಳಕ್ಕೆ ಗಂಟೆ ಬಾರಿಸಲಿ, ನಮ್ಮ ಬೇಡಿಕೆಗಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಹಾಸನ, ಚನ್ನರಾಯಪಟ್ಟಣದ ಗೆಳೆಯರು ಇದಕ್ಕೆ ಉತ್ತರ ಬರೆಯಲಿ.