ಇನ್ನೂರು ಗಂಟೆಯ ಲೈಸೆನ್ಸು

2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೂ ಇಂಡಿಗೊ ಒಂದೇ ಏಟಿಗೆ 500 ವಿಮಾನಗಳಿಗೂ ಆರ್ಡರ್ ಕೊಟ್ಟ ಮೇಲೆ ‘ದೇಶಕ್ಕೆ ಸಾವಿರಾರು ಪೈಲಟ್‌ಗಳು ಬೇಕು’ ಎಂಬ ಮಾತು ತರಬೇತಿ ಶಾಲೆಗಳ ಜಾಹೀರಾತಿಗೆ ಒದಗಿಬಂತು. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಹಿಡಿದುಕೊಂಡು ಕೆಲಸಕ್ಕೆ ಕಾಯುತ್ತ ಕೂತ ಹುಡುಗ ಹುಡುಗಿಯರೂ ಇದೇ ದೇಶದಲ್ಲಿದ್ದಾರೆ. ಎರಡೂ ನಿಜ. ಕೊರತೆ ಇರುವುದು ಮುಖ್ಯವಾಗಿ ಎಡಗಡೆ ಸೀಟಿಗೆ, ಅಂದರೆ ಕಮಾಂಡರ್‌ಗಳಿಗೆ. ಅಲ್ಲಿ ಕೂರಲು ಬೇಕಾದ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್‌ಗೆ (ಎಟಿಪಿಎಲ್) 1500 ಗಂಟೆ ಹಾರಿರಬೇಕು. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಸಾಕು. ನಡುವಿನ 1300 ಗಂಟೆಗಳನ್ನು ಹೆಚ್ಚಿನವರು ಏರ್‌ಲೈನಿನ ಬಲಗಡೆ, ಅಂದರೆ ಕೋ-ಪೈಲಟ್ ಸೀಟಿನಲ್ಲೇ ಗಳಿಸಬೇಕು. ಆ ಸೀಟಿನ ಬಾಗಿಲಲ್ಲೇ ಸಾಲು ನಿಂತಿದೆ.

ಬಾಗಿಲ ತನಕದ ಖರ್ಚೆಲ್ಲ ವಿದ್ಯಾರ್ಥಿಯದ್ದೇ. ಒಂಟಿ ಎಂಜಿನ್ನಿನ ಸೆಸ್ನಾಕ್ಕೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು. ಮಂಜು ಮುಸುಕಿದರೆ, ವಿಮಾನ ರಿಪೇರಿಗೆ ಹೋದರೆ, ಇನ್‌ಸ್ಟ್ರಕ್ಟರ್ ಬೇರೆ ಕಡೆ ಸೇರಿಕೊಂಡರೆ ಲಾಗ್‌ಬುಕ್ಕಿನ ಪುಟ ಖಾಲಿ. ಹಾಸ್ಟೆಲ್ ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಆಮೇಲೆ ಏರ್‌ಬಸ್ 320ಕ್ಕೋ ಎಟಿಆರ್‌ಗೋ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನೇ ಹಾರಿಸುವ ಪ್ರತ್ಯೇಕ ಅರ್ಹತೆ. ಒಂದಕ್ಕೆ ಪಡೆದದ್ದು ಇನ್ನೊಂದಕ್ಕೆ ನಡೆಯುವುದಿಲ್ಲ. ಅರ್ಧ ಕೋಟಿಯ ಆಸುಪಾಸಿನಲ್ಲಿ ಶುರುವಾದ ಲೆಕ್ಕ ಏರ್‌ಲೈನ್‌ಗಳ ಕೆಡೆಟ್ ತರಬೇತಿ ಕಾರ್ಯಕ್ರಮಗಳಲ್ಲಿ ಕೋಟಿ ಮುಟ್ಟುವುದುಂಟು. ಮೊತ್ತ ದೊಡ್ಡದು, ಇರಲಿ. ನಷ್ಟದ ಭಾರವೆಲ್ಲ ಒಂದೇ ಹೆಗಲಿಗೆ ಬೀಳುವುದು ನನ್ನ ತಕರಾರು. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿದವು. ಬ್ಯಾಂಕಿನ ಕಂತು ನಿಲ್ಲಲಿಲ್ಲ.

ಡಾಕ್ಟರಿಕೆಗೂ ಕೋಟಿ ಸುರಿಯುತ್ತಾರಲ್ಲ ಎಂದು ಕೇಳಬಹುದು. ಆಸ್ಪತ್ರೆ ಮುಚ್ಚಿದರೆ ಡಾಕ್ಟರು ಊರಲ್ಲೊಂದು ಕ್ಲಿನಿಕ್ ಇಟ್ಟುಕೊಳ್ಳುತ್ತಾರೆ; ಎ320 ಹಾರಿಸಬಲ್ಲವನು ಊರಲ್ಲಿ ಏನಿಡಬೇಕು? ಮೇಲಾಗಿ ಕ್ಲಾಸ್ 1 ವೈದ್ಯಕೀಯ ತಪಾಸಣೆ ಮತ್ತೆ ಮತ್ತೆ ಬರುತ್ತದೆ, ಇಸಿಜಿಯ ಒಂದು ಗೆರೆ ಸೊಟ್ಟಗಾದರೆ ವೃತ್ತಿಯೇ ತೂಗುಯ್ಯಾಲೆ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಕಂಪನಿ ದುಡ್ಡು ಹಾಕಿ ತಯಾರು ಮಾಡಿದವನನ್ನು ಪಕ್ಕದ ಕಂಪನಿ ಎಗರಿಸಿಕೊಂಡು ಹೋದರೆ? ಆದರೆ ಆ ಭಯಕ್ಕೆ ಔಷಧಿ ಆಗಲೇ ಕೊಟ್ಟಾಗಿದೆ. 2017ರಲ್ಲೇ ವಿಮಾನಯಾನ ನಿಯಂತ್ರಕ ಡಿಜಿಸಿಎ, ಕೆಲಸ ಬಿಡುವ ಕಮಾಂಡರ್‌ಗಳಿಗೆ ಒಂದು ವರ್ಷ, ಕೋ-ಪೈಲಟ್‌ಗಳಿಗೆ ಆರು ತಿಂಗಳ ನೋಟಿಸ್ ಕಡ್ಡಾಯ ಮಾಡಿತು. ಕಟ್ಟುಪಾಡು ಕಂಪನಿಯ ಪರ, ಸಾಲ ಮಾತ್ರ ಪೈಲಟ್‌ನದ್ದು! ನಮ್ಮ ಬೀದರಿನಲ್ಲಿ ಹಾಕ್ ವಿಮಾನ ಹಾರಿಸಿ ಕಲಿಯುವ ವಾಯುಪಡೆಯ ಯುವಕರು ಕಲಿಕೆಗೆ ಒಂದು ರೂಪಾಯಿ ಕೊಡುವುದಿಲ್ಲ, ಬದಲಿಗೆ ವರ್ಷಗಟ್ಟಲೆ ಸೇವೆ ಸಲ್ಲಿಸುತ್ತಾರೆ. ಅದು ಸರ್ಕಾರ, ಲಾಭ ನಷ್ಟ ನೋಡುವುದಿಲ್ಲ ಎನ್ನುವುದಾದರೆ, ಲಾಭವನ್ನೇ ನೋಡುವ ಬ್ರಿಟಿಷ್ ಏರ್‌ವೇಸ್ ಕೂಡ ಈಚೆಗೆ ತನ್ನ ಖರ್ಚಿನಲ್ಲೇ ಕೆಡೆಟ್‌ಗಳಿಗೆ ತರಬೇತಿ ಕೊಡುವ ಯೋಜನೆ ತಂದಿದೆ.

ಸಾಲ ಪೈಲಟ್‌ನ ಮನೆಯ ವಿಷಯ, ಪ್ರಯಾಣಿಕರಿಗೇನು ಎನ್ನುವಂತೆಯೂ ಇಲ್ಲ. ಸಂಬಳದಲ್ಲಿ ಹಾರಿದ ಗಂಟೆಗಳ ಪಾಲು ದೊಡ್ಡದಿದ್ದಾಗ, ಕಂತು ಕಟ್ಟಬೇಕಾದ ಕೋ-ಪೈಲಟ್ ‘ನಿದ್ದೆಯಾಗಿಲ್ಲ, ಇವತ್ತು ಹಾರಲಾರೆ’ ಎಂದು ಬರೆದುಕೊಡಲು ಹಿಂದೆಮುಂದೆ ನೋಡುವುದು ಸಹಜ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿ, ರಾತ್ರಿ ಹಾರಾಟಕ್ಕೆ ಮಿತಿ ಹಾಕಿದ ಹೊಸ ನಿಯಮಗಳು 2025ರ ನವೆಂಬರಿನಲ್ಲಿ ಪೂರ್ತಿ ಜಾರಿಯಾದವು. ಅದಕ್ಕೆ ತಕ್ಕಷ್ಟು ಪೈಲಟ್‌ಗಳಿಲ್ಲದೆ ಡಿಸೆಂಬರಿನಲ್ಲಿ ಇಂಡಿಗೊದ ಸಾವಿರಾರು ವಿಮಾನಗಳು ರದ್ದಾದವು, ಬೆಂಗಳೂರಿನಲ್ಲೂ ಜನ ಲಗೇಜಿನ ಮೇಲೆ ಕೂತು ಕಾದರು. ಆಗ ಸಡಿಲಿಸಿದ್ದು ನಿಯಮವನ್ನು! ನಿಯಮ ಬರುವುದು ಸುಮಾರು ಎರಡು ವರ್ಷ ಮೊದಲೇ ಗೊತ್ತಿದ್ದರೂ ಬೇಕಾದಷ್ಟು ಪೈಲಟ್‌ಗಳನ್ನು ಸಿದ್ಧಮಾಡಿಕೊಳ್ಳದ ಉದ್ಯಮ ಕೊರತೆಯ ಮಾತಾಡುವುದನ್ನು ನಂಬುವುದು ಕಷ್ಟ.

2021ರಲ್ಲಿ ಹೊಸ ತರಬೇತಿ ಶಾಲೆಗಳಿಗೆ ವಿಮಾನ ನಿಲ್ದಾಣಗಳನ್ನು ಹಂಚಿದಾಗ ಬೆಳಗಾವಿ, ಕಲಬುರಗಿಗೂ ಶಾಲೆಗಳು ಸಿಕ್ಕವು. ಒಳ್ಳೆಯದೇ, ಅಮೇಠಿಯ ಫುರ್ಸತ್‌ಗಂಜ್‌ಗೋ ಅಮೆರಿಕಕ್ಕೋ ಹೋಗುವುದು ತಪ್ಪೀತು. ಆದರೆ ಶಾಲೆ ಹತ್ತಿರ ಬಂದ ಮಾತ್ರಕ್ಕೆ ಒಪ್ಪಂದದ ಸ್ವರೂಪ ಬದಲಾಗದು. ಕನಿಷ್ಠ ಟೈಪ್ ರೇಟಿಂಗ್‌ನ ಖರ್ಚನ್ನಾದರೂ ಏರ್‌ಲೈನ್ ಹೊರಬೇಕು. ಕೆಲಸ ಕೊಟ್ಟ ಮೇಲೆ ಸಂಬಳದಲ್ಲಿ ಸ್ವಲ್ಪ ಸ್ವಲ್ಪವೇ ಮುರಿದುಕೊಳ್ಳಲಿ, ಕಂಪನಿಯೇ ಮುಚ್ಚಿದರೆ ಉಳಿದ ಬಾಕಿ ಅಲ್ಲಿಗೇ ಮನ್ನಾ ಆಗಲಿ.